ಹಡಗಿನ ಊಟಕ್ಕೆ ಅಜ್ಜಿ ಕೊಟ್ಟ ಸೀರೆ

ನುಸಿಗುಳಿಗೆಯ ವಾಸನೆ ಬಂದರೆ ಕೆಲವರಿಗೆ ತಲೆನೋವು ಬರುತ್ತದೆ. ನನಗೆ ಸಿಟ್ಟು ಬರುತ್ತದೆ. ಶ್ರೀನಿವಾಸಪುರದ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇದೆ. ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ ಗುಳಿಗೆ ಬದಲಾಯಿಸುವ ದಿನ ನಮ್ಮ ಯಜಮಾನರು ಬೆಳಗ್ಗೆಯೇ ಮಾವಿನ ತೋಪಿನ ಕಡೆ ಹೊರಟುಬಿಡುತ್ತಾರೆ. ಪಾಪ, ಅವರದು ಯಾವ ತಪ್ಪೂ ಇಲ್ಲ. ಆದರೆ ಆ ಹೊತ್ತಿನಲ್ಲಿ ಕೈಗೆ ಸಿಕ್ಕ ಗಂಡಸು ಯಾರಾದರೂ ನನಗೆ ಸಾಕು ಎಂಬುದನ್ನು ಅವರು ಅನುಭವದಿಂದ ಕಲಿತಿದ್ದಾರೆ.

ಹೋದ ವಾರ ಆ ಪೆಟ್ಟಿಗೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಇಳಿಸಬೇಕಾಗಿ ಬಂತು. ಕೋಲಾರದಿಂದ ನಮ್ಮ ಭಾವ ಜವಾನನನ್ನು ಅಟ್ಟಿದ್ದರು. ಅವನು ಬಾಗಿಲಲ್ಲೇ ನಿಂತು, "ಅಮ್ಮಾವ್ರೇ, ಮಂತ್ರಿಗಳು ನಮ್ಮ ಸಾಹೇಬ್ರ ಮನೆಗೆ ಊಟಕ್ಕೆ ಬತ್ತಾರಂತೆ. ನಿಮ್ಮತ್ರ ಒಂದು ಕಚ್ಚೆ ಸೀರೆ ಐತಂತಲ್ಲ, ಅಜ್ಜಿ ಕೊಟ್ಟಿದ್ದು, ಅದನ್ನ ತಕ್ಕೊಂಡು ನೀವೂ ಬರಬೇಕಂತೆ. ನಿಮ್ಮ ಅಕ್ಕಾವ್ರು ಅವತ್ತು ಅದನ್ನೇ ಉಡಬೇಕಂತೆ" ಎಂದ.

ನಾನು ಅವನ ಕೈಯಲ್ಲಿ ಅದನ್ನೇ ಇನ್ನೊಂದು ಸಲ ಹೇಳಿಸಿದೆ. ಯಾವ ಬಣ್ಣದ ಸೀರೆ ಎಂದು ಕೇಳಿದೆ. ದಾಳಿಂಬೆ ಬಣ್ಣದ್ದು ಎಂದ. ಅವನಿಗೆಂದು ತಂದಿದ್ದ ಕಾಫಿಯ ಲೋಟವನ್ನು ನಾನು ಜಗುಲಿಯ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಕಾಫಿ ಹೊರಗೆ ಚೆಲ್ಲಿತು. ಅವನು ಪಿಳಿಪಿಳಿ ನೋಡಿದ. ನೀವೂ ಹಾಗೇ ನೋಡುತ್ತಿದ್ದೀರಿ ಎಂದು ನನಗೆ ಗೊತ್ತು. ಒಂದು ಸೀರೆ ಕೇಳಿದ್ದಕ್ಕೆ ಇಷ್ಟು ಹಾರಾಟವೇ ಎನ್ನುತ್ತೀರಿ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮ ತವರು ಮುಳಬಾಗಿಲು. ನನಗೊಬ್ಬಳು ಅಕ್ಕ, ಶಾರದಾ. ಅವಳನ್ನು ಮಾಲೂರಿಗೆ ಕೊಟ್ಟಿತ್ತು. ಭಾವ ಇಂಜಿನಿಯರಿಂಗ್ ಓದಿ ಸರ್ಕಾರದ ಕೆಲಸ ಹಿಡಿದವರು. ಯುದ್ಧಕ್ಕೆ ಎರಡು ವರ್ಷ ಮುಂಚೆ, ಹೆಚ್ಚಿನ ಓದಿಗೆ ಅವರು ಸೀಮೆಗೆ ಹೋಗುವುದೆಂದಾಯಿತು. ಸೀಮೆ ಎಂದರೆ ಆಗ ನಮ್ಮ ಕಡೆ ಇಂಗ್ಲೆಂಡ್ ಒಂದೇ. ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಭಾವ ತಾವಾಗಿಯೇ ಹೇಳಿದರು. ಇದನ್ನು ನೆನಪಿಟ್ಟುಕೊಳ್ಳಿ. ಯಾರೂ ಅವರನ್ನು ಬೇಡಿರಲಿಲ್ಲ. ಮುಂಬಯಿಯಿಂದ ಹಡಗು, ಇಬ್ಬರಿಗೂ ಜಾಗ ಗೊತ್ತಾಯಿತು.

ಅಕ್ಕನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಹೊರಡುವ ಮುಂಚೆ ಒಂದಷ್ಟು ದಿನ ಇದ್ದು ಹೋಗಲೆಂದು ಮುಳಬಾಗಿಲಿಗೆ ಬಂದಿದ್ದಳು. ನಾವು ಅಕ್ಕತಂಗಿಯರು ಕಂಡಿದ್ದ ದೊಡ್ಡ ನೀರು ಎಂದರೆ ಕೋಡಿ ಬಿದ್ದ ಕೆರೆ. ಅವಳಿಗೆ ಲಂಡನ್ನಿನ ಮೇಲೆ ಅಷ್ಟು ಆಸೆ ಇರಲಿಲ್ಲ, ಸಮುದ್ರದ ಮೇಲಿತ್ತು. "ಹಡಗಿನ ಅಂಚಿಗೆ ನಿಂತ್ರೆ ನಾಲ್ಕು ಕಡೇನೂ ನೀರೇ ಅಂತೆ ಕಣೇ. ದಡವೇ ಕಾಣಿಸಲ್ವಂತೆ. ನೆಲ ಎಲ್ಲಿ ಅಂತ ಹುಡುಕಿದ್ರೂ ಸಿಗಲ್ವಂತೆ" ಎಂದು ಕೊಟ್ಟಿಗೆಯಲ್ಲಿ, ಬಾವಿಕಟ್ಟೆಯಲ್ಲಿ, ಎಲ್ಲಿ ಸಿಕ್ಕರೆ ಅಲ್ಲಿ ನನಗೆ ಹೇಳುತ್ತಿದ್ದಳು. ನೆಲ ಸಿಗದಿದ್ದರೆ ಇಷ್ಟು ಸಂತೋಷಪಡುವುದೇಕೆಂದು ನನಗೆ ಆಗ ಅರ್ಥವಾಗುತ್ತಿರಲಿಲ್ಲ.

ಹೀಗಿರುವಾಗ ಭಾವ ಮಾಲೂರಿನಿಂದ ಬಂದು ನಮ್ಮ ಪಡಸಾಲೆಯಲ್ಲಿ ಕೂತು ಹಡಗಿನ ಊಟದ ವಿಚಾರ ತೆಗೆದರು. "ಹಗಲು ಹೇಗಾದ್ರೂ ಇರಬಹುದು. ರಾತ್ರಿ ಊಟ ಇದೆಯಲ್ಲ ಮಾವ, ಅದು ಬೇರೆ. ಗಂಡಸರಿಗೆ ಕರೀ ಕೋಟು, ಗಂಜಿ ಹಾಕಿದ ಬಿಳೀ ಷರಟು, ಕತ್ತಿಗೆ ಬೋ ಟೈ. ಹೆಂಗಸರಿಗೆ ನೆಲ ಮುಟ್ಟೋ ರೇಷ್ಮೆ ಗೌನು."

ಅಪ್ಪ, "ಹಬ್ಬದ ದಿನವೋ?" ಎಂದರು.

"ದಿನಾ ಮಾವ, ದಿನಾ."

ಅಪ್ಪ ಗಾಬರಿಯಾದರು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿ ಹಬ್ಬಿತು. ಮಠದ ಬೀದಿಯ ನಮ್ಮ ಜಗುಲಿ ಅವತ್ತಿನಿಂದ ನ್ಯಾಯಸ್ಥಾನವಾಯಿತು. ಹಡಗಿನ ರಾತ್ರಿಯೂಟಕ್ಕೆ ಶಾರದಾ ಏನು ಉಡಬೇಕು? ಪೋಸ್ಟ್ ಮಾಸ್ತರರು ಗೌನು ಹೊಲಿಸುವುದೇ ಸರಿ ಎಂದರು. ಪಕ್ಕದ ಮನೆಯ ಶ್ಯಾನುಭೋಗರು ಗೌನು ಹಾಕಿದರೆ ಬಂದ ಮೇಲೆ ಪ್ರಾಯಶ್ಚಿತ್ತವಾಗಬೇಕು ಎಂದರು. ಧರ್ಮಾವರದ ಸೀರೆ ಸಾಕು ಎಂದು ಒಬ್ಬರು, ಅದು ಭಾರ, ಹಡಗಿನಲ್ಲಿ ಸೆಖೆ ಎಂದು ಇನ್ನೊಬ್ಬರು. ಅವರಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ. ಸೀರೆ ಉಟ್ಟವರಂತೂ ಇರಲೇ ಇಲ್ಲ. ಒಳಗೆ ರಾಗಿ ಬೀಸುತ್ತಿದ್ದ ಅಕ್ಕನನ್ನು ಕರೆದು ನಿನಗೇನಮ್ಮ ಇಷ್ಟ ಎಂದು ಕೇಳಬೇಕೆಂದು ಒಂದು ನರಪಿಳ್ಳೆಗೂ ಹೊಳೆಯಲಿಲ್ಲ. ನನಗೆ ಆಗ ಹದಿನಾರು ವರ್ಷ. ಬಾಗಿಲ ಸಂದಿಯಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ. ಈಗಲೂ ಆ ಜಗುಲಿ ನೆನೆಸಿಕೊಂಡರೆ ಒಂದು ಕೊಡ ಸಗಣಿ ನೀರು ತಂದು ಎಲ್ಲರ ಮೇಲೂ ಸುರಿಯಬೇಕು ಅನ್ನಿಸುತ್ತದೆ.

ಅಜ್ಜಿಯದು ಬೇರೆಯೇ ಹಟ. ಅಪ್ಪನ ತಾಯಿ, ಗಡಿಯಾಚೆಯ ತೆಲುಗು ಸೀಮೆಯಿಂದ ಬಂದವಳು. ಅರ್ಧ ಮಾತು ಕನ್ನಡ, ಅರ್ಧ ತೆಲುಗು, ಪೂರ್ತಿ ಮಡಿ. ಹೆಣ್ಣುಮಗಳು ಸಮುದ್ರ ದಾಟುವುದೇ ಬೇಡ ಎಂದು ಒಂದೇ ಹೊತ್ತು ಊಟ ಮಾಡಿಕೊಂಡು ಕೂತಿದ್ದಳು. ನಮ್ಮ ಮನೆಯ ಮಡಿಯ ವಿಷಯ ನಿಮಗೆ ಹೇಳಬೇಕು. ಸಂಜೆ ಅಪ್ಪ ಕಚೇರಿಯಿಂದ ಬಂದರೆ ಕೋಟು, ಪೇಟ, ಅಂಗಿ ಎಲ್ಲ ಹೊರಗಿನ ಗೂಟಕ್ಕೆ. ಮೈ ತೊಳೆದು, ಗಳದ ಮೇಲೆ ಯಾರೂ ಮುಟ್ಟದ ಹಾಗೆ ಒಣಹಾಕಿದ್ದ ಪಂಚೆಯನ್ನು ಕೋಲಿನಿಂದ ಇಳಿಸಿಕೊಂಡು ಉಟ್ಟು, ಆಮೇಲೆ ಊಟದ ಮನೆಗೆ. ಹೊರಗೆ ಉಟ್ಟ ಬಟ್ಟೆಯಲ್ಲಿ ಆ ಹೊಸಿಲು ದಾಟಿದವರು ನಮ್ಮ ಮನೆಯಲ್ಲಿ ಊಟ ಮಾಡಿದ್ದೇ ಇಲ್ಲ. ಮಡಿಯುಟ್ಟು ಕೂತವರನ್ನು ಮಗು ಹೋಗಿ ಮುಟ್ಟಿದರೂ ಮತ್ತೆ ಸ್ನಾನ.

ಅಜ್ಜಿ ಒಳಗಿನಿಂದಲೇ ಭಾವನ ಮಾತು ಕೇಳುತ್ತಿದ್ದಳು. ಒಂದು ದಿನ ಕಂಬದ ಮರೆಗೆ ಬಂದು ನಿಂತಳು. "ಏನಪ್ಪಾ, ರಾತ್ರಿ ಊಟಕ್ಕೆ ಮುಂಚೆ ಬಟ್ಟೆ ಬದಲಾಯಿಸ್ತಾರೆ ಅಂದೆಯಲ್ಲ, ನಿಜವಾ?"

"ಹೌದು ಅಜ್ಜಿ. ಹಗಲುಟ್ಟ ಬಟ್ಟೇಲಿ ಆ ಊಟದ ಹಾಲ್ ಒಳಗೇ ಬಿಡಲ್ಲ."

"ಯಾರನ್ನೂ?"

"ಎಷ್ಟು ದೊಡ್ಡ ದೊರೆ ಆದ್ರೂ ಬಿಡಲ್ಲ."

"ಸ್ನಾನ?"

"ಸ್ನಾನ ಮಾಡಿಯೇ ಬಟ್ಟೆ ಹಾಕ್ಕೊಳ್ಳೋದು."

"ಊಟಕ್ಕೆ ಮುಂಚೆ ಗಂಟೆ ಹೊಡೀತಾರಾ?"

ಭಾವ ನಕ್ಕರು. "ಹೊಡೀತಾರೆ ಅಜ್ಜಿ."

ಅಜ್ಜಿ ದೊಡ್ಡದೊಂದು ಉಸಿರು ಬಿಟ್ಟು, "ಪರವಾಲೇದು. ದೊರೆಗಳಿಗೂ ಮಡಿ ಇದೆ" ಎಂದಳು. ಪರವಾಗಿಲ್ಲ ಅನ್ನುವುದಕ್ಕೆ ಅವಳ ತೆಲುಗು ಮಾತು ಅದು. ಅವತ್ತು ರಾತ್ರಿ ಫಲಾಹಾರ ಬಿಟ್ಟು ಅನ್ನ ಉಂಡಳು. ಮಾರನೆಯ ದಿನ ತನ್ನ ತಗಡಿನ ಪೆಟ್ಟಿಗೆ ತೆಗೆದು, ತಾತ ಇದ್ದ ಕಾಲದಲ್ಲಿ ತಾನು ಮಡಿಗೆ ಉಡುತ್ತಿದ್ದ ದಾಳಿಂಬೆ ಬಣ್ಣದ ರೇಷ್ಮೆ ಸೀರೆಯನ್ನು ಹೊರತೆಗೆದಳು. ಹದಿನೆಂಟು ಮೊಳ, ಅಂಗೈ ಅಗಲದ ಜರಿಯಂಚು. "ತಗೋಮ್ಮಾ ಶಾರದಾ. ಹಡಗಿನಲ್ಲಿ ಊಟಕ್ಕೆ ಕೂರುವಾಗ ಇದನ್ನ ಉಟ್ಕೋ. ಇದನ್ನ ಉಟ್ಟು ಕೂತೋರನ್ನ ಯಾರೂ ಏಳು ಅನ್ನಬಾರದು" ಎಂದು ಕೊಟ್ಟಳು. ಪೆಟ್ಟಿಗೆಯನ್ನೂ ಜೊತೆಗೇ ಕೊಟ್ಟಳು.

ಭಾವ ಜಗುಲಿಯ ಮೇಲೆ ಕೂತು ಇದನ್ನು ಎಲ್ಲರಿಗೂ ಹೇಳಿ ಹೇಳಿ ನಕ್ಕರು. ಮುದುಕಿಗೆ ಏನು ತಿಳಿಯುತ್ತೆ ಎಂದರು. ನನ್ನನ್ನು ಕೇಳಿದರೆ ಅಜ್ಜಿ ಹೇಳಿದ್ದರಲ್ಲಿ ಅಂಥ ತಪ್ಪೇನೂ ಇರಲಿಲ್ಲ. ನಮ್ಮಲ್ಲಿ ಊಟಕ್ಕೆ ಮುಂಚೆ ಅಂಗಿ ಕಳಚುತ್ತಾರೆ, ಅವರು ತೊಡುತ್ತಾರೆ. ಹೊಸಿಲು ಮಾತ್ರ ಎರಡು ಕಡೆಯೂ ಇದೆ. ಯಾರನ್ನು ಒಳಗೆ ಬಿಡಬಾರದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಬಟ್ಟೆಯ ಹೆಸರು ಹೇಳುತ್ತಾರೆ ಅಷ್ಟೇ. ನಮ್ಮ ಮಡಿಯ ಮೇಲೂ ನನಗೆ ಪ್ರೀತಿಯೇನಿಲ್ಲ. ಅದರ ಮೇಲಿನ ಸಿಟ್ಟು ತೆಗೆದರೆ ಇವತ್ತಿಗೆ ಮುಗಿಯುವುದಿಲ್ಲ, ಅದಿರಲಿ.

ಅಕ್ಕ ಮಾತ್ರ ಅಜ್ಜಿ ಕೊಟ್ಟಳೆಂದು ಸುಮ್ಮನೆ ಒಪ್ಪಿಕೊಳ್ಳಲಿಲ್ಲ, ಪರೀಕ್ಷೆ ಮಾಡಿದಳು. ಹಡಗು ಓಲಾಡುತ್ತದಂತೆ, ಓಲಾಡುವ ಕಡೆ ಯಾವ ಸೀರೆ ನಿಲ್ಲುತ್ತದೆಂದು ನೋಡಬೇಕು ಎಂದಳು. ಮಧ್ಯಾಹ್ನ ಗಂಡಸರು ಇಲ್ಲದ ಹೊತ್ತಿನಲ್ಲಿ ನಡುಮನೆಯ ತೂಗುಯ್ಯಾಲೆಯೇ ನಮ್ಮ ಹಡಗು. ಅವಳು ಒಂದೊಂದೇ ಸೀರೆ ಉಟ್ಟು ಅದರ ಮೇಲೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಚಮಚದಲ್ಲಿ ಅವಲಕ್ಕಿ ತಿನ್ನುವುದು, ನಾನು ಉಯ್ಯಾಲೆಯನ್ನು ಅಡ್ಡಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ ತಳ್ಳುವುದು. ಜಾರ್ಜೆಟ್ಟಿನ ಸೀರೆಯ ಸೆರಗು ತಟ್ಟೆಗೇ ಬಿತ್ತು. ಧರ್ಮಾವರದ ನಿರಿಗೆ ಕಾಲಿಗೆ ತೊಡರಿ ಇಳಿಯುವಾಗ ಮುಗ್ಗರಿಸಿದಳು. ಅಜ್ಜಿಯ ಸೀರೆಯನ್ನು ಕಚ್ಚೆ ಹಾಕಿ, ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಕೂತಾಗ ನಾನು ಎಷ್ಟು ಜೋರಾಗಿ ತಳ್ಳಿದರೂ ಒಂದು ಎಳೆ ಅಲುಗಲಿಲ್ಲ. ಉಯ್ಯಾಲೆ ತೂಗುತ್ತಿರುವಾಗಲೇ ಧಡಕ್ಕನೆ ಇಳಿದು ನಿಂತು, "ಇದೇ ಕಣೇ! ಬಿರುಗಾಳಿ ಬಂದ್ರೂ ನಾನು ಬೀಳಲ್ಲ" ಎಂದಳು. ಅವಲಕ್ಕಿ ನೆಲದ ತುಂಬ ಚೆಲ್ಲಿತ್ತು. ಅಜ್ಜಿ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅಷ್ಟು ನಗು ನಾನು ಆಮೇಲೆ ಕೇಳಲಿಲ್ಲ.

ಹೊರಡುವ ಹಿಂದಿನ ದಿನ ನಾವೆಲ್ಲ ಮಾಲೂರಿನ ಅಕ್ಕನ ಅತ್ತೆಯ ಮನೆಗೆ ಹೋದೆವು. ಅಜ್ಜಿ ಬರಲಿಲ್ಲ. ಅಲ್ಲಿ ಭಾವನ ಸ್ನೇಹಿತನೊಬ್ಬ ಬಂದಿದ್ದ, ಒಮ್ಮೆ ಸೀಮೆಗೆ ಹೋಗಿಬಂದವನು. ಮಾತಿನ ಮೇಲೆ ಮಾತು ಬಂದು ಭಾವ, "ಹಡಗಿನ ಊಟಕ್ಕೆ ಏನು ಉಡ್ತೀಯೋ ಉಟ್ಕೊಂಡು ಬಾ, ಇವರು ನೋಡಿ ಹೇಳಲಿ" ಎಂದು ಅಕ್ಕನನ್ನು ಕರೆದರು. ಅಕ್ಕ ಅಜ್ಜಿಯ ಸೀರೆ ಉಟ್ಟು ಬಂದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಹೆಜ್ಜೆ ಒತ್ತಿ ಇಟ್ಟು ಬಂದಳು, ಹಡಗಿನ ನೆಲದ ಮೇಲೆ ನಡೆಯುವ ಹಾಗೆ.

ಸ್ನೇಹಿತ ಸಿಗರೇಟು ಕೆಳಗಿಟ್ಟು, "ಚೆನ್ನಾಗಿದೆ. ಹರಿಕಥೆಗೆ ಹೊರಟ ಹಾಗಿದೆ" ಎಂದ.

ಅಷ್ಟೇ. ಅದೊಂದು ಮಾತಿಗೆ ಭಾವನ ಕಿವಿ ಕೆಂಪಾಯಿತು. "ಇದನ್ನ ಸುತ್ಕೊಂಡು ಆ ಊಟದ ಹಾಲ್‌ಗೆ ಬರ್ತೀಯಾ? ಅಷ್ಟು ಜನರ ಎದುರಿಗೆ ನನ್ನ ಮಾನ ಏನಾಗ್ಬೇಕು?"

ಅಕ್ಕ ಮೆತ್ತಗೆ, "ಬೇಡ ಅಂದ್ರೆ ಬೇರೆ ಉಡ್ತೀನಿ" ಎಂದಳು. ಭಾವ ಉತ್ತರ ಕೊಡಲಿಲ್ಲ.

ಉತ್ತರ ಕೊಟ್ಟಿದ್ದು ಮಾರನೆಯ ಬೆಳಗ್ಗೆ, ಮಾಲೂರಿನ ಸ್ಟೇಷನ್ನಿನಲ್ಲಿ. ರೈಲು ಬಂದು ನಿಂತಿತ್ತು, ಸಾಮಾನು ಏರಿಸಿ ಆಗಿತ್ತು. ಅಕ್ಕ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದಳು. ಭಾವ ಅಪ್ಪನನ್ನು ಪಕ್ಕಕ್ಕೆ ಕರೆದು, "ಮಾವ, ಇವಳಿಗೆ ಇನ್ನೂ ಅಭ್ಯಾಸ ಸಾಲದು. ಈ ಸಲ ನಾನೊಬ್ಬನೇ ಹೋಗಿರ್ತೀನಿ. ಬರೋ ವರ್ಷ ಕರೆಸಿಕೊಳ್ತೀನಿ" ಎಂದರು. ಅಪ್ಪ ನಮ್ಮ ಕಡೆ ನೋಡಿದರು, ರೈಲಿನ ಕಡೆ ನೋಡಿದರು, "ನಿಮಗೆ ಹೇಗೆ ಸರಿ ತೋರುತ್ತೋ ಹಾಗೆ" ಎಂದರು. ಕೂಲಿಯವನು ಅಕ್ಕನ ಪೆಟ್ಟಿಗೆಯನ್ನು ಇಳಿಸಿ ಪ್ಲಾಟ್‌ಫಾರಮ್ಮಿನ ಮೇಲೆ ಇಟ್ಟ. ಭಾವ ಕಿಟಕಿಯಿಂದ ಕೈ ಬೀಸಿದರು. ನಾನು ಬೀಸಲಿಲ್ಲ.

ಅಪ್ಪ ಒಳ್ಳೆಯವರು. ಎಲ್ಲರೂ ಹಾಗೇ ಹೇಳುತ್ತಾರೆ. ಆ ಒಳ್ಳೆಯತನವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. "ಯಾಕೆ?" ಎಂದು ಒಂದು ಮಾತು ಕೇಳಿದ್ದರೆ ರೈಲೇನೂ ಬಿದ್ದುಹೋಗುತ್ತಿರಲಿಲ್ಲ.

ಅತ್ತೆಯ ಮನೆಯವರು ಗಂಡ ಬರುವವರೆಗೆ ತವರಿನಲ್ಲೇ ಇರಲಿ ಎಂದರು. ಸಂಜೆ ನಾವು ಮೋಟಾರಿನಲ್ಲಿ ಮುಳಬಾಗಿಲಿಗೆ ವಾಪಸ್ಸು ಬಂದಾಗ ಅಜ್ಜಿ ದೀಪ ಹಚ್ಚುತ್ತಿದ್ದಳು. ಪೆಟ್ಟಿಗೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು. ನಡೆದದ್ದನ್ನು ಅಪ್ಪ ತಡವರಿಸಿಕೊಂಡು ಹೇಳಿದರು. ಅಜ್ಜಿ ಅಕ್ಕನ ಹತ್ತಿರ ಬಂದು, "ಏಮೇ ಶಾರದಾ, ಹಡಗಿನಲ್ಲಿ ಮಡಿ ಇದೆ ಅಂದಿದ್ದನಲ್ಲೇ. ಸುಳ್ಳಾ?" ಎಂದಳು.

"ಇದೆ ಅಜ್ಜಿ" ಎಂದಳು ಅಕ್ಕ. "ನಾನೇ ಮೈಲಿಗೆ."

ಮಡಿಯಲ್ಲಿದ್ದ ಅಜ್ಜಿ ಮೊದಲ ಸಲ ಮಡಿ ಮರೆತು ಅಕ್ಕನನ್ನು ಎರಡು ಕೈಯಲ್ಲೂ ಅಪ್ಪಿಕೊಂಡಳು. ಆಮೇಲೆ ಸ್ನಾನವನ್ನೂ ಮಾಡಲಿಲ್ಲ. ಬರುವ ವರ್ಷ ಬಂತು, ಕರೆಸಿಕೊಳ್ಳುವ ಮಾತು ಬರಲಿಲ್ಲ. ಅದರ ಮುಂದಿನ ಚಳಿಗಾಲದಲ್ಲಿ ಅಜ್ಜಿ ಹೋದಳು. ಪೆಟ್ಟಿಗೆಯನ್ನು ಕಣ್ಣೆದುರಿಗೆ ಇಟ್ಟುಕೊಳ್ಳಲಾರೆ ಎಂದು ಅಕ್ಕ ನನ್ನ ಮದುವೆಯಲ್ಲಿ ಅದನ್ನು ನನ್ನ ಜೊತೆ ಶ್ರೀನಿವಾಸಪುರಕ್ಕೆ ಕಳಿಸಿದಳು.

ಭಾವ ಯುದ್ಧ ಶುರುವಾಗುವ ಹೊತ್ತಿಗೆ ವಾಪಸ್ಸು ಬಂದರು. ಅಕ್ಕನನ್ನು ಕರೆದುಕೊಂಡು ಹೋದರು. ಕೋಲಾರದ ಬಂಗಲೆಗೆ ಊಟದ ಮೇಜು ಬಂತು, ಕುರ್ಚಿಗಳು ಬಂದವು. ವಾರಕ್ಕೊಮ್ಮೆ ಅಧಿಕಾರಿಗಳಿಗೆ ಡಿನ್ನರು. ಸೀಮೆಯಲ್ಲಿ ಹೊಲಿಸಿದ ಕರೀ ಕೋಟು ಹಾಕಿಕೊಂಡು ಭಾವ ಮೇಜಿನ ತುದಿಯಲ್ಲಿ ಕೂರುವರು. ಅಕ್ಕ ಅಡಿಗೆಮನೆಯ ಪರದೆಯ ಹಿಂದೆ ನಿಂತು ಪಾತ್ರೆಗಳನ್ನು ಒಂದೊಂದಾಗಿ ಆಳಿನ ಕೈಗೆ ಕೊಡುವಳು. ಹತ್ತು ವರ್ಷದಲ್ಲಿ ಆ ಮೇಜಿನ ಮುಂದೆ ಅವಳು ಕೂತಿದ್ದನ್ನು ನಾನು ನೋಡಿಲ್ಲ. ಒರೆಸಿದ್ದನ್ನು ನೋಡಿದ್ದೇನೆ.

ಈಗ ಕಾಲ ಬದಲಾಯಿತು. ದೊರೆಗಳು ಹಡಗು ಹತ್ತಿ ಹೋದರು, ಭಾವ ಖಾದಿ ತೊಟ್ಟರು. ಮಂತ್ರಿಗಳು ಊಟಕ್ಕೆ ಬರುತ್ತಾರೆ, ನಮ್ಮ ಸಂಸ್ಕೃತಿ ಕಾಣಿಸಬೇಕು, ಆದ್ದರಿಂದ ಹೆಂಡತಿ ಕಚ್ಚೆ ಸೀರೆ ಉಟ್ಟು ಬಡಿಸಬೇಕು. ಯಾವ ಸೀರೆ ಉಟ್ಟಿದ್ದಕ್ಕೆ ಅವಳನ್ನು ರೈಲಿನಿಂದ ಇಳಿಸಿದರೋ ಅದೇ ಸೀರೆ! ನಾನು ಲೋಟ ಕುಕ್ಕಿದ್ದು ಹೆಚ್ಚಾಯಿತೇ, ನೀವೇ ಹೇಳಿ.

ಸೀರೆಯನ್ನು ಕೆರೆಗೆ ಹಾಕಿಬಿಡೋಣ ಅನ್ನಿಸಿತು. ಆದರೆ ಅದು ಭಾವನದಲ್ಲ, ಅಕ್ಕನದು. ಪೆಟ್ಟಿಗೆ ಸಮೇತ ಕೋಲಾರದ ಬಸ್ಸು ಹತ್ತಿದೆ. ಬಂಗಲೆಯಲ್ಲಿ ಮೇಜನ್ನು ವರಾಂಡಕ್ಕೆ ದಬ್ಬಿ, ನೆಲಕ್ಕೆ ರಂಗೋಲಿ ಹಾಕಿಸಿ, ಮಣೆಗಳನ್ನು ಸಾಲಾಗಿ ಇಡಿಸಿದ್ದರು. ಭಾವ ಜುಬ್ಬದಲ್ಲಿ ಓಡಾಡುತ್ತ, "ಬಂದೆಯೇನಮ್ಮಾ? ಸೀರೆ ತಂದೆಯಾ? ಸದ್ಯ!" ಎಂದರು. ನಾನು ಪೆಟ್ಟಿಗೆ ಹಿಡಿದು ನೇರ ಒಳಗೆ ನಡೆದೆ. ಒಳಗೆ ಅಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದು, ಸೀರೆಯನ್ನು ಮೂಗಿಗೆ ಹಿಡಿದಳು.

"ಉಡ್ಬೇಡ ಕಣೇ ಅಕ್ಕಾ. ಹರಿದುಹೋಗಿದೆ ಅಂತ ನಾನೇ ಹೇಳ್ತೀನಿ" ಎಂದೆ.

"ಯಾಕೆ? ಉಡ್ತೀನಿ" ಎಂದಳು. "ಕಚ್ಚೆ ಸಿಕ್ಕಿಸೋವಾಗ ಒಂದು ಕೈ ಹಿಡಿ."

ದೀಪ ಹಚ್ಚುವ ಹೊತ್ತಿಗೆ ಮಂತ್ರಿಗಳು ಬಂದರು. ತಾಯಲೂರಿನ ಕಡೆಯ ಬೇಸಾಯಗಾರರಂತೆ ಕಾಣುತ್ತಿದ್ದ ವಯಸ್ಸಾದ ಮನುಷ್ಯ. ಎಲೆ ಹಾಕಿತ್ತು. ಅವರೂ ಅವರ ಜೊತೆಯವರೂ ಕೂತರು. ಮಂತ್ರಿಗಳ ಪಕ್ಕದ ಎಲೆ ಭಾವನದು. ಅವರು ಕೂರುವ ಮುಂಚೆ ಕೈ ಜೋಡಿಸಿಕೊಂಡು, "ನಮ್ಮ ಮನೆಯವರು. ನಮ್ಮ ಹಳೇ ಪದ್ಧತಿ ಬಿಟ್ಟಿಲ್ಲ" ಎಂದು ಬಾಗಿಲ ಕಡೆ ಕೈ ತೋರಿಸಿದರು.

ಅಕ್ಕ ಬಂದಳು. ಬೆನ್ನು ನೆಟ್ಟಗೆ, ಹೆಜ್ಜೆ ಒತ್ತಿ, ಮಾಲೂರಿನಲ್ಲಿ ನಡೆದುಬಂದ ಹಾಗೆಯೇ. ಕೈಯಲ್ಲಿ ಬಡಿಸುವ ಪಾತ್ರೆ ಇರಲಿಲ್ಲ. ನೇರವಾಗಿ ಹೋಗಿ ಭಾವನ ಮಣೆಯ ಮೇಲೆ ಕೂತು, ಎಲೆಗೆ ನೀರು ಚಿಮುಕಿಸಿ ಒರೆಸಿಕೊಂಡಳು.

ಭಾವ, "ಇದೇನು? ಏಳು" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು.

ಅಕ್ಕ ಮಂತ್ರಿಗಳ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದಳು. "ಇದು ನಮ್ಮಜ್ಜಿ ಕೊಟ್ಟ ಸೀರೆ. ಹಡಗಿನಲ್ಲಿ ಊಟಕ್ಕೆ ಕೂರೋವಾಗ ಉಟ್ಕೋ ಅಂತ ಕೊಟ್ಟಿದ್ದು. ಆಗ ಹಡಗು ತಪ್ಪಿತು. ಇವತ್ತು ಇದನ್ನೇ ಉಡು ಅಂತ ಇವರೇ ಹೇಳಿಕಳಿಸಿದ್ರು. ಉಟ್ಟ ಮೇಲೆ ಕೂರಬೇಕು, ಬಡಿಸೋ ಹಾಗಿಲ್ಲ."

ಮಂತ್ರಿಗಳು ಅವಳ ಮುಖವನ್ನೊಮ್ಮೆ, ಭಾವನ ಮುಖವನ್ನೊಮ್ಮೆ ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. "ಕೂತ್ಕೊಳ್ಳಮ್ಮ, ಕೂತ್ಕೋ. ಯಜಮಾನ್ರು ಬಡಿಸ್ತಾರೆ, ಅದಕ್ಕೇನಂತೆ" ಎಂದರು.

ಭಾವ ಬಡಿಸಿದರು. ಉಪ್ಪಿನಿಂದ ಹಿಡಿದು ಮಜ್ಜಿಗೆಯವರೆಗೆ ಅವರೇ ಬಡಿಸಿದರು. ಅನ್ನಕ್ಕೂ ಮೊದಲು ಸಾರು ಬಂತು, ಹಪ್ಪಳ ಬರಲೇ ಇಲ್ಲ. ಸಾರು ಹಾಕುವಾಗ ಒಂದು ಸೌಟು ಅಕ್ಕನ ಜರಿಯಂಚಿನ ಮೇಲೆ ಚೆಲ್ಲಿತು. ಅಕ್ಕ ತಲೆಯೆತ್ತದೆ, "ಪರವಾಲೇದು" ಎಂದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದೆ. ಸಿಟ್ಟು, ಅಳು, ನಗು ಯಾವುದು ಮೊದಲು ಬರಬೇಕೆಂದು ಒಳಗೆ ಜಗಳವಾಡುತ್ತಿದ್ದವು.

ಮಾರನೆಯ ದಿನ ಸೀರೆಯನ್ನು ಮಡಿಚಿ ಪೆಟ್ಟಿಗೆಗೆ ಹಾಕಲು ಹೋದೆ. ಅಕ್ಕ ಕಿತ್ತುಕೊಂಡು ಹಿತ್ತಲಿನ ಗಳದ ಮೇಲೆ ಹರವಿದಳು. "ಇಲ್ಲೇ ಇರಲಿ, ಇನ್ಮೇಲೆ ಉಡ್ತೀನಿ" ಎಂದಳು. ಸಾರಿನ ಕಲೆ ಹೋಗಿರಲಿಲ್ಲ.

ಖಾಲಿ ಪೆಟ್ಟಿಗೆ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದೆ. ಅಕ್ಕನೂ ಬಂದಿದ್ದಳು. ನನ್ನ ಸಿಟ್ಟು ಹೋಯಿತೆಂದು ನೀವು ತಿಳಿದಿದ್ದರೆ, ಇಲ್ಲ. ಹತ್ತು ವರ್ಷಕ್ಕೆ ಒಂದು ಊಟ ಯಾವ ಲೆಕ್ಕ? ಅಜ್ಜಿ ಇರಲಿಲ್ಲ ನೋಡಲು. ಅಕ್ಕ ಸಮುದ್ರವನ್ನೂ ನೋಡಲಿಲ್ಲ. ಅಷ್ಟನ್ನೂ ಬಸ್ಸು ಹೊರಡುವ ಮುಂಚೆ ಅಕ್ಕನ ಎದುರಿಗೇ ಅಂದುಬಿಟ್ಟೆ.

ಅಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. "ಬೇಸಿಗೆಗೆ ಮದ್ರಾಸಿಗೆ ಹೋಗೋಣ ಬಾ. ನಾವಿಬ್ಬರೇ. ಮಾಲೂರಿನಲ್ಲೇ ರೈಲು ಹತ್ತೋಣ."

ಅಷ್ಟು ವರ್ಷದ ಅಭ್ಯಾಸ, ಬಾಯಿಗೆ ಮೊದಲು ಬಂದದ್ದು ಅದೇ. "ಏನು ಉಟ್ಕೊಂಡು ಹೋಗೋಣ ಅಕ್ಕಾ?"

"ಸಮುದ್ರಕ್ಕೆ ಕಣೇ ಹೋಗ್ತಿರೋದು" ಎಂದಳು. "ಏನುಟ್ಟರೂ ನೆನೆಯುತ್ತೆ."